ಮರ್ಯಾದೆಯ ಅಳತೆ

ಆಸ್ಪತ್ರೆಯವರ ಪೆಟ್ಟಿಗೆಯಲ್ಲಿದ್ದ ಅಳತೆ ಟೇಪನ್ನು ಒಂದು ಇಲಿ ಕಡಿದುಹಾಕಿತ್ತು. ಆದದ್ದು ಅಷ್ಟೇ. ಆ ಪೆಟ್ಟಿಗೆಯಲ್ಲಿ ಇಲಿಗೆ ಬೇಕಾದಷ್ಟು ಹತ್ತಿಯಿತ್ತು, ರಟ್ಟಿತ್ತು, ಕಾಗದವಿತ್ತು. ಅದೆಲ್ಲ ಬಿಟ್ಟು ಅದು ಟೇಪನ್ನೇ ಆರಿಸಿಕೊಂಡದ್ದರಿಂದ ನಮ್ಮ ಟೇಪಣ್ಣನ ಇಪ್ಪತ್ತು ವರ್ಷದ ಗುಟ್ಟು ಒಂದೇ ಹಗಲಿನಲ್ಲಿ ಬೀದಿಗೆ ಬಿತ್ತು.

ಟೇಪಣ್ಣ ಎಂದರೆ ಬೀದಿಯ ಮೂಲೆಯ ಟೈಲರು. ಕೊರಳಲ್ಲಿ ಟೇಪಿಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಹೊಲಿಗೆ ಹೇಳಿಕೊಳ್ಳುವಂಥದ್ದೇನಲ್ಲ. ಬೀದಿಯ ಆ ತುದಿಯ ಟೈಲರು ಇವನಿಗಿಂತ ಎಷ್ಟೋ ನೇರವಾಗಿ ಹೊಲಿಯುತ್ತಿದ್ದ. ಆದರೂ ಬೀದಿಯ ಗಂಡಸರೆಲ್ಲ ಅವನ ಅಂಗಡಿಯನ್ನು ದಾಟಿಕೊಂಡು ಟೇಪಣ್ಣನ ಹತ್ತಿರವೇ ಬರುತ್ತಿದ್ದರು. ಅದಕ್ಕೆ ಕಾರಣ ಅವನ ಹೆಬ್ಬೆರಳು.

ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಎರಡು ತುದಿಯೂ ಸೇರುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಒಳಗಿನ ಪರದೆಯತ್ತ ತಿರುಗಿ ಟೇಪಣ್ಣ ಕೂಗುತ್ತಿದ್ದ: "ಸೊಂಟ ಮೂವತ್ತನಾಲ್ಕು!" ಗಿರಾಕಿಯ ಮುಖ ಅರಳುತ್ತಿತ್ತು. ಆಮೇಲೆ ಟೇಪಣ್ಣ ಕೆಮ್ಮುತ್ತಿದ್ದ. ಪರದೆಯ ಹಿಂದೆ ಬಟ್ಟೆ ಕತ್ತರಿಸಲು ಕೂತಿದ್ದ ಅವನ ಹೆಂಡತಿ ಆ ಕೆಮ್ಮನ್ನು ಎಣಿಸುತ್ತಿದ್ದಳು. ಒಂದು ಕೆಮ್ಮಿಗೆ ಒಂದಿಂಚು. ಮೂವತ್ತನಾಲ್ಕು ಎಂದು ಕೂಗಿ ನಾಲ್ಕು ಸಲ ಕೆಮ್ಮಿದರೆ ಮೂವತ್ತೆಂಟಕ್ಕೆ ಕತ್ತರಿ. ಹೊರಗೆ ಕೂಗುವುದು ಮರ್ಯಾದೆಯ ಅಳತೆ, ಒಳಗೆ ಎಣಿಸುವುದು ಕತ್ತರಿಯ ಅಳತೆ ಎಂದು ಗಂಡ ಹೆಂಡಿರು ತಮ್ಮೊಳಗೆ ಹೇಳಿಕೊಂಡು ನಗುತ್ತಿದ್ದರು. ವರ್ಷ ಕಳೆದಂತೆ ಗಿರಾಕಿಗಳು ಬೆಳೆದರು, ಟೇಪಣ್ಣನ ಕೆಮ್ಮೂ ಬೆಳೆಯಿತು. ಬೀದಿಯ ಗಂಡಸರು ಮಾತ್ರ ಮದುವೆಯ ದಿನದ ಸೊಂಟವನ್ನೇ ಇನ್ನೂ ಇಟ್ಟುಕೊಂಡಿದ್ದೇವೆಂದು ಹೆಮ್ಮೆಪಡುತ್ತಿದ್ದರು. ಆರೋಗ್ಯ ಹೇಗಿದೆ ಎಂದು ಯಾರಾದರೂ ಕೇಳಿದರೆ, "ನಂಗೇನಾಗಿದೆ? ಟೇಪಣ್ಣನ್ನ ಕೇಳಿ" ಅನ್ನುತ್ತಿದ್ದರು.

ಅಂದು ಬೆಳಿಗ್ಗೆ ಅಂಗಡಿಯ ಎದುರಿಗೆ, ಬೀದಿಯ ಸಂಘದವರು ಸಭೆ ಸೇರುವ ಹಾಲಿನಲ್ಲಿ ಗಂಡಸರ ಆರೋಗ್ಯ ತಪಾಸಣೆ ಇತ್ತು. ಹೆಂಗಸರದು ಹಿಂದಿನ ವಾರವೇ ಮುಗಿದಿತ್ತು. ಅವರು ಶಿಸ್ತಾಗಿ ಹೋಗಿ, ರಕ್ತ ಕೊಟ್ಟು, ಬೈಸಿಕೊಂಡು ಬಂದಿದ್ದರು. ಗಂಡಸರನ್ನು ಮಾತ್ರ ಹೆಂಡಂದಿರು ಹಿಂದಿನಿಂದ ತಳ್ಳಿ ಕಳಿಸಬೇಕಾಯಿತು. ಅಗಲವಾದ ಬಿಳಿ ಕೋಟು ತೊಟ್ಟ ಡಾಕ್ಟರು ಪೆಟ್ಟಿಗೆ ತೆಗೆದರೆ ಟೇಪಿನ ಬದಲು ನಾಲ್ಕೈದು ತುಂಡು ಸಿಕ್ಕಿತು. ಅವರು ಕಿಟಕಿಯಾಚೆ ನೋಡಿದರು. ಎದುರಂಗಡಿಯ ಬಾಗಿಲಲ್ಲಿ, ಕೊರಳಿಗೆ ಟೇಪು ಹಾಕಿಕೊಂಡ ಮನುಷ್ಯನೊಬ್ಬ ಹಾಲಿನತ್ತಲೇ ನೋಡುತ್ತ ನಿಂತಿದ್ದ.

"ರೀ, ಸ್ವಲ್ಪ ಬರ್ತೀರಾ?" ಎಂದು ಡಾಕ್ಟರು ಕೂಗಿದರು. ಕರೆದದ್ದೇ ತಡ, ಟೇಪಣ್ಣ ಹಾಲಿನ ಒಳಗಿದ್ದ.

"ನೋಡಿ, ರಕ್ತ ಪರೀಕ್ಷೆಯ ಸಾಮಾನು ಎಲ್ಲರಿಗೂ ಸಾಲಲ್ಲ" ಎಂದರು ಡಾಕ್ಟರು. "ಅದಕ್ಕೆ ಸೊಂಟ ಮೂವತ್ತಾರು ದಾಟಿದವರನ್ನ ಮಾತ್ರ ಒಳಗೆ ನನ್ನ ಹತ್ರ ಕಳಿಸಿ. ಹೊಟ್ಟೆ ಸುತ್ತ ಬೊಜ್ಜು ಕೂತವರಿಗೇ ಅಪಾಯ ಜಾಸ್ತಿ. ನೀವು ಅಳತೆ ಹೇಳಿ, ನರ್ಸಮ್ಮ ಬರ್ಕೋತಾರೆ."

"ಅದಕ್ಕೇನು ಸಾರ್, ದಿನಾ ಮಾಡೋ ಕೆಲ್ಸ" ಎಂದ ಟೇಪಣ್ಣ. ಸರ್ಕಾರಿ ಕೆಲಸವೊಂದು ತಾನಾಗಿ ಬಂದು ಕೊರಳಿಗೆ ಬಿದ್ದಂತೆ ಅವನಿಗೆ ಖುಷಿಯಾಯಿತು.

ಸಾಲಿನಲ್ಲಿ ಮೊದಲು ನಿಂತಿದ್ದವರು ಬೀದಿಯ ಸಂಘದ ಅಧ್ಯಕ್ಷರು. ಊಟದ ಸಾಲಿನಲ್ಲೂ ಅವರೇ ಮೊದಲು. ಟೇಪಣ್ಣ ಟೇಪು ಸುತ್ತಿದ. ನಲವತ್ತೊಂದು. ಬಾಯಿ ತೆರೆದ. ಅಧ್ಯಕ್ಷರು ಸುತ್ತ ನಿಂತವರತ್ತ ತಿರುಗಿ, "ಹೇಳು ಹೇಳು, ಎಲ್ರೂ ಕೇಳ್ಲಿ. ಹೋದ ತಿಂಗಳು ಮೂವತ್ತೈದಿತ್ತು" ಎಂದರು.

ಟೇಪಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಹೋದ ತಿಂಗಳು ಮೂವತ್ತೈದು ಎಂದವನು ತಾನೇ. ಒಂದು ತಿಂಗಳಲ್ಲಿ ಆರು ಇಂಚು ಬೆಳೆಯಲು ಮನುಷ್ಯ ಏನು ಕುಂಬಳಬಳ್ಳಿಯೇ? ನಿಜ ಹೇಳಿದರೆ ಅಧ್ಯಕ್ಷರಿಗೆ ತಿಳಿಯುತ್ತದೆ. ಅಧ್ಯಕ್ಷರಿಗೆ ತಿಳಿದರೆ ಬೀದಿಗೆ ತಿಳಿಯುತ್ತದೆ. ಬೀದಿಗೆ ತಿಳಿದರೆ ನಾಳೆಯಿಂದ ಎಲ್ಲರೂ ಆ ತುದಿಯ ಟೈಲರ ಹತ್ತಿರ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸೊಂಟ ಮೂವತ್ತೈದು!" ಎಂದು ನಾಲಿಗೆ ತಾನಾಗಿ ಕೂಗಿತು. ಹಿಂದೆಯೇ ಗಂಟಲು ತಾನಾಗಿ ಆರು ಸಲ ಕೆಮ್ಮಿತು.

ನರ್ಸಮ್ಮ ತಲೆಯೆತ್ತಿ ನೋಡಿ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡರು.

ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ನಿವೃತ್ತ ಮೇಷ್ಟ್ರು ಬಂದರು: "ಮೂವತ್ತಮೂರು!", ಐದು ಕೆಮ್ಮು. ನಲ್ಲಿ ರಿಪೇರಿಯವನು ಬಂದ: "ಮೂವತ್ತನಾಲ್ಕು!", ಮೂರು ಕೆಮ್ಮು. ಅಳತೆ ಕೇಳಿದವರೆಲ್ಲ ಎದೆಯುಬ್ಬಿಸಿಕೊಂಡು ಹೊರಗೆ ಹೋಗುತ್ತಿದ್ದರು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಮೇಷ್ಟ್ರು ಬಾಗಿಲಲ್ಲಿ ನಿಂತು ಎಲ್ಲರಿಗೂ ಪಾಠ ಹೇಳತೊಡಗಿದರು. ಅದರ ಎರಡನೆಯ ಅರ್ಧವನ್ನೇ ನಂಬಿ ಬದುಕಿದ ಟೇಪಣ್ಣ ಬೆವರೊರೆಸಿಕೊಂಡ.

ಒಳಗೆ ಡಾಕ್ಟರು ಸೂಜಿ, ಹತ್ತಿ ಜೋಡಿಸಿಕೊಂಡು ಕೂತೇ ಇದ್ದರು. ಒಬ್ಬನೂ ಬರಲಿಲ್ಲ. ಕೊನೆಗೆ ಅವರೇ ಎದ್ದು ಬಂದರು.

"ಅದ್ಭುತ! ಇಷ್ಟು ಆರೋಗ್ಯವಾಗಿರೋ ಬೀದಿ ನಾನು ನೋಡೇ ಇಲ್ಲ" ಎಂದವರು, ಟೇಪಣ್ಣನ ಕೆಮ್ಮು ಕೇಳಿ ನಿಂತರು. "ಇದೊಂದು ಕೆಮ್ಮು ಬಿಟ್ರೆ. ಎಷ್ಟು ದಿನದಿಂದ ಇದೆ ನಿಮಗೆ?"

"ಇಪ್ಪತ್ತು ವರ್ಷದಿಂದ ಸಾರ್" ಎಂದುಬಿಟ್ಟ ಟೇಪಣ್ಣ.

"ಇಪ್ಪತ್ತು ವರ್ಷ!" ಡಾಕ್ಟರ ಕಣ್ಣು ಅಗಲವಾಯಿತು. "ಹೀಗೇ ಬಿಟ್ಟು ಬಿಟ್ಟು ಬರುತ್ತಾ?"

"ಅಂಗಡಿ ತೆಗೆದಾಗ ಮಾತ್ರ ಸಾರ್. ಭಾನುವಾರ ಬರಲ್ಲ."

ಕೇಳಿಸಿಕೊಂಡವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಬಟ್ಟೆಯ ಧೂಳು ಶ್ವಾಸಕೋಶದಲ್ಲಿ ಗೂಡು ಕಟ್ಟಿರಬೇಕು ಎಂದರು ಮೇಷ್ಟ್ರು. ಇಲ್ಲ, ಇದು ಕ್ಷಯವೇ, ತನ್ನ ಚಿಕ್ಕಪ್ಪನೂ ಹೀಗೇ ಮೂರು ಮೂರು ಸಲ ಕೆಮ್ಮುತ್ತಿದ್ದ ಎಂದ ನಲ್ಲಿಯವನು. ಅಧ್ಯಕ್ಷರು ಅಲ್ಲೇ ನಿಂತು ಟೇಪಣ್ಣನ ಚಿಕಿತ್ಸೆಗೆ ಒಂದು ಸಮಿತಿ ರಚಿಸಿದರು. ಎದೆಯ ಫೋಟೋ ತೆಗೆಸಲು ಹೊರಡುವಾಗ ತಮ್ಮ ಗಾಡಿಯಲ್ಲೇ ಕರೆದೊಯ್ಯುತ್ತೇನೆಂದು ಡಾಕ್ಟರೂ ಹೇಳಿದರು.

ಆಗ ಸಾಲಿನ ಕೊನೆಗೆ ಬಂದವನು ಬೇಕರಿಯವನು, ಟೇಪಣ್ಣನ ಹೆಂಡತಿಯ ಒಬ್ಬನೇ ತಮ್ಮ. ಬೀದಿಯಲ್ಲಿ ಅವನಷ್ಟು ನಗುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಕಂಕುಳಲ್ಲಿ ದೊಡ್ಡ ನೀರಿನ ಬಾಟಲಿ, ಕಿವಿಯ ಮೇಲೆ ಸಿಗರೇಟು, ಒಂದು ಕಾಲಿಗೆ ಬಟ್ಟೆಯ ಪಟ್ಟಿ.

"ಕಾಲಿಗೇನೋ?" ಎಂದ ಟೇಪಣ್ಣ.

"ಒಲೆಯ ತಟ್ಟೆ ಬಿತ್ತು ಭಾವ. ಒಂದು ತಿಂಗಳಾಯ್ತು, ವಾಸಿಯಾಗೋ ಮನಸ್ಸೇ ಮಾಡ್ತಿಲ್ಲ. ಬೇಗ ಅಳೀರಿ, ಬನ್ನು ಒಲೇಲಿದೆ" ಎಂದು ಗಟಗಟ ನೀರು ಕುಡಿದ.

ಟೇಪು ಸುತ್ತಿದ ಟೇಪಣ್ಣ ಒಮ್ಮೆ ಓದಿದ ಅಂಕಿಯನ್ನು ಮತ್ತೊಮ್ಮೆ ಓದಿದ. "ಮೂವತ್ತೈದು!" ಎಂದ. ಆಮೇಲೆ ಎಂಟು ಸಲ ಕೆಮ್ಮಿದ. ಎಂಟನೆಯದಕ್ಕೆ ಉಸಿರೇ ಸಿಗಲಿಲ್ಲ.

"ಭಾವ, ನೀವು ಮೊದಲು ತೋರಿಸ್ಕೊಳಿ" ಎಂದು ಬೇಕರಿಯವನು ಬೆನ್ನು ತಟ್ಟಿ, ನಗುತ್ತ, ಕುಂಟುತ್ತ ಹೋದ.

ಎಲ್ಲರ ಅಳತೆಯೂ ಮುಗಿದಿತ್ತು. ಕೆಲಸವಿಲ್ಲದ ಡಾಕ್ಟರು ಕೊನೆಗೆ ನಾಲ್ಕು ಮಾತು ಹೇಳಿದರು. "ರೋಗ ಬಾಗಿಲು ತಟ್ಟಿ ಬರಲ್ಲ. ಸುಮ್ಮಸುಮ್ಮನೆ ಬಾಯಾರಿಕೆ, ಸುಸ್ತು, ಒಣಗದ ಗಾಯ, ಅದರ ಜೊತೆ ದೊಡ್ಡ ಹೊಟ್ಟೆ, ಮೇಲೆ ಸಿಗರೇಟು. ಇಂಥವರು ಪರೀಕ್ಷೆ ಮಾಡಿಸ್ಕೊಳ್ದೆ ಇದ್ರೆ ಕಾಲು ಕಳ್ಕೋಬಹುದು, ಜೀವಕ್ಕೂ ಸಂಚಕಾರ. ಸದ್ಯ, ನಿಮ್ಮಲ್ಲಿ ಅಂಥವರು ಯಾರೂ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಟೇಪಣ್ಣನಿಗೆ ಮಾತ್ರ ಬೇಕರಿಯವನ ನೀರಿನ ಬಾಟಲಿ, ಕಾಲಿನ ಪಟ್ಟಿ, ಕಿವಿಯ ಮೇಲಿನ ಸಿಗರೇಟು ಒಂದೊಂದಾಗಿ ನೆನಪಾದವು. ತನ್ನ ಮದುವೆಯಲ್ಲಿ ಅಕ್ಕನ ಸೆರಗು ಹಿಡಿದು ಅಳುತ್ತಿದ್ದ ಹುಡುಗ ಅವನು. ಅಕ್ಕನನ್ನು ಬಿಟ್ಟಿರಲಾರದೆ ಇದೇ ಬೀದಿಗೆ ಬಂದು ಬೇಕರಿ ಹಾಕಿದವನು. ಅಂಥವನಿಗೆ ಪರೀಕ್ಷೆಯೇ ಬೇಡವೆಂದು ತಾನೇ ಸಾರಿ ಕಳಿಸಿಬಿಟ್ಟಿದ್ದ.

ಬೇಕರಿಗೆ ಒಂದೇ ಉಸಿರಿಗೆ ಓಡಿದ.

"ನೀನು ಬಾರೋ, ರಕ್ತ ಕೊಟ್ಟು ಬರೋಣ."

"ಯಾಕೆ? ನೀವೇ ಅಳೆದ್ರಲ್ಲ, ಮೂವತ್ತೈದು."

"ಟೇಪು... ಟೇಪು ಸ್ವಲ್ಪ ಹಿಗ್ಗಿದೆ ಕಣೋ."

"ಟೇಪು ಹಿಗ್ಗಿದ್ರೆ ನನ್ನ ಸೊಂಟ ಅದಕ್ಕಿಂತ ದೊಡ್ಡದು ಅಂತಾಗುತ್ತೆ. ನೋಡಿದ್ರೆ ಹಾಗೆ ಕಾಣುತ್ತಾ?"

ಹಾಗೇ ಕಾಣುತ್ತಿತ್ತು. ಬೇಕರಿಯ ಬಾಗಿಲಲ್ಲಿ ಗಾಳಿಗೂ ದಾರಿ ಬಿಡದೆ ನಿಂತಿದ್ದ. ಆದರೂ ಟೇಪಣ್ಣನ ಬಾಯಿಗೆ ಆ ಮಾತು ಬರಲಿಲ್ಲ. ಅಷ್ಟರಲ್ಲಿ ಚಿಕಿತ್ಸಾ ಸಮಿತಿಯವರು ಅವನನ್ನು ಹುಡುಕಿಕೊಂಡು ಬಂದರು. ರೋಗಿ ಓಡಾಡಬಾರದು ಎಂದು ಮೇಷ್ಟ್ರು ಗದರಿಸಿದರು. ನಲ್ಲಿಯವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅವನ ರಟ್ಟೆ ಹಿಡಿದ. "ಧೈರ್ಯ ತಗೋ ಟೇಪಣ್ಣ, ಸಂಘ ನಿನ್ನ ಹಿಂದಿದೆ" ಎಂದ ಅಧ್ಯಕ್ಷರು, ನಿಜಕ್ಕೂ ನಾಲ್ಕು ಮಾರು ಹಿಂದಿದ್ದರು.

ಅವನನ್ನು ಹಾಲಿನ ಮುಂದೆ ತರುವಾಗ ಡಾಕ್ಟರ ಗಾಡಿ ಹೊರಡಲು ಸಿದ್ಧವಾಗಿತ್ತು. ಅದೇ ಹೊತ್ತಿಗೆ ಅಂಗಡಿಯ ಪರದೆ ಸರಿಸಿ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ರೀ, ಬೆಳಗಿಂದ ಎದುರು ಹಾಲಿಂದ ಕೇಳ್ತಾನೇ ಇದ್ದೀನಿ" ಎಂದಳು. "ಕೊನೇಲಿ ನನ್ನ ತಮ್ಮನಿಗೆ ಎಷ್ಟು ಕೆಮ್ಮಿದ್ರಿ?"

"ಎಂಟು" ಎಂದ ಟೇಪಣ್ಣ ಸಣ್ಣ ದನಿಯಲ್ಲಿ.

"ನಾನೂ ಎಂಟೇ ಎಣಿಸಿದೆ. ನನ್ನ ತಮ್ಮನಿಗೂ ಮರ್ಯಾದೆಯ ಅಳತೆ ಹಾಕಿದ್ರಾ? ಅದೂ ಡಾಕ್ಟರ ಮುಂದೆ?"

ಅವಳ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಲ್ಲಿ ಟೇಪಣ್ಣ ಅವಳ ಕೋಪ ಬೇಕಾದಷ್ಟು ಕಂಡಿದ್ದ, ಈ ನೀರನ್ನು ಕಂಡಿರಲಿಲ್ಲ. ಅಂಗಡಿ ಹೋದರೆ ಹೋಗಲಿ ಎನಿಸಿತು. ನಲ್ಲಿಯವನ ಕೈ ಕೊಡವಿ, ಹಾಲಿನ ಮೆಟ್ಟಿಲು ಹತ್ತಿ ನಿಂತ.

"ನಂಗೆ ಯಾವ ಕೆಮ್ಮೂ ಇಲ್ಲ! ಒಂದೊಂದು ಕೆಮ್ಮೂ ನಿಮ್ಮ ಒಂದೊಂದು ಇಂಚು! ನಾನು ಯಾರಿಗೂ ನಿಜ ಹೇಳಿಲ್ಲ. ಇವತ್ತೂ ಹೇಳಿಲ್ಲ, ಇಪ್ಪತ್ತು ವರ್ಷದಿಂದ್ಲೂ ಹೇಳಿಲ್ಲ. ಡಾಕ್ಟ್ರೇ, ಗಾಡಿ ನಿಲ್ಸಿ. ಈ ಬೀದೀಲಿ ಮೂವತ್ತಾರು ದಾಟದೆ ಇರೋದು ದೀಪದ ಕಂಬ ಒಂದೇ!"

ಗಂಡಸರೆಲ್ಲ ಮೆಲ್ಲಗೆ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು. ಡಾಕ್ಟರು ಗಾಡಿಯಿಂದ ಇಳಿದು, "ಇನ್ನೊಂದ್ಸಲ ಸಾಲು ನಿಲ್ಲಿ" ಎಂದಷ್ಟೇ ಹೇಳಿದರು.

ಈ ಸಲ ಹೆಂಡತಿ ಯಾರನ್ನೂ ನಂಬಲಿಲ್ಲ. "ನೀವು ಹಿಡೀರಿ, ನಾನು ಓದ್ತೀನಿ. ಹೆಬ್ಬೆರಳು ತೆಗೀರಿ" ಎಂದಳು. ಮೊದಲು ತಮ್ಮನನ್ನೇ ಬೇಕರಿಯಿಂದ ಎಳೆದು ತಂದು ನಿಲ್ಲಿಸಿದಳು. "ನಲವತ್ತಮೂರು. ಒಳಗೆ ನಡಿ."

"ಅಕ್ಕಾ, ಬನ್ನು..."

"ಸೀದುಹೋಗ್ಲಿ. ನಡಿ ಅಂದೆ."

ಡಾಕ್ಟರು ಅವನ ಬೆರಳಿನ ರಕ್ತ ನೋಡಿದರು. ಕಾಲಿನ ಪಟ್ಟಿ ಬಿಚ್ಚಿ ಗಾಯ ನೋಡಿದರು. ಅವರ ಮುಖ ಗಂಭೀರವಾಯಿತು. ಸಕ್ಕರೆ ಮಿತಿ ಮೀರಿ ಏರಿತ್ತು, ಗಾಯ ಒಳಗೊಳಗೇ ಕೆಡಲು ಶುರುವಾಗಿತ್ತು. ಅಲ್ಲೇ ಗಾಯ ತೊಳೆದು ಕಟ್ಟಿ, ನಾಳೆಯೇ ಆಸ್ಪತ್ರೆಗೆ ಬರಲು ಹೇಳಿ, ಕಿವಿಯ ಮೇಲಿನ ಸಿಗರೇಟನ್ನು ತಾವೇ ತೆಗೆದು ಎರಡು ತುಂಡು ಮಾಡಿದರು. "ಇನ್ನು ಸ್ವಲ್ಪ ದಿನ ಬಿಟ್ಟು ಬಂದಿದ್ರೆ ಪಾದ ಉಳಿಸೋದು ಕಷ್ಟ ಇತ್ತು. ಈಗ ಬಂದಿರೋದ್ರಿಂದ ಔಷಧಿ, ಪಥ್ಯದಲ್ಲೇ ಸರಿಹೋಗುತ್ತೆ. ಅದೃಷ್ಟವಂತರು ನೀವು."

ಬೇಕರಿಯವನ ನಗು ಮೊದಲ ಸಲ ನಿಂತಿತು. ಹೊರಗೆ ಬಂದು ಭಾವನನ್ನು ಅಪ್ಪಿಕೊಂಡ. ಟೇಪಣ್ಣನ ಎರಡು ಕೈಯೂ ಸೇರಿದರೂ ಆ ಸೊಂಟ ಹಿಡಿಗೆ ಸಿಗಲಿಲ್ಲ. "ಉಳಿಸಿದ್ರಿ ಭಾವ" ಎಂದ. ತಾನೇ ಮುಳುಗಿಸಲು ಹೋಗಿದ್ದೆನಲ್ಲ ಎಂದು ಟೇಪಣ್ಣನಿಗೆ ನಾಚಿಕೆಯೂ ಆಯಿತು, ಹೋಗಬೇಕಾದದ್ದು ಉಳಿಯಿತಲ್ಲ ಎಂದು ಕೃತಜ್ಞತೆಯೂ ಉಕ್ಕಿತು. ಯಾರಿಗೆ ಕೈಮುಗಿಯಬೇಕೆಂದು ತೋಚದೆ ನರ್ಸಮ್ಮನಿಗೆ ಮುಗಿದ. ಅವರು ಇನ್ನೂ ಸ್ವಲ್ಪ ದೂರದಲ್ಲೇ ಇದ್ದರು.

ಆಮೇಲೆ ಇಡೀ ಸಾಲು ಒಳಗೆ ಹೋಯಿತು. ಅಧ್ಯಕ್ಷರಿಗೆ ರಕ್ತದೊತ್ತಡ ಸಿಕ್ಕಿತು, ಮೇಷ್ಟ್ರಿಗೆ ಸಕ್ಕರೆ ಕಾಯಿಲೆಯ ಅಂಚು ಸಿಕ್ಕಿತು. ರಾತ್ರಿ ಉಪ್ಪಿನ ಕಡಲೆ ಕುರುಕುತ್ತ ಕೂರುವುದು, ಎರಡು ಬೀದಿಯಾಚೆಗೂ ಗಾಡಿಯಲ್ಲೇ ಹೋಗುವುದು, ತಲೆ ಸುತ್ತಿದರೆ ಯಾರದೋ ಮನೆಯ ಮಾತ್ರೆ ಇಸಿದುಕೊಂಡು ನುಂಗುವುದು, ಒಂದೊಂದಾಗಿ ಎಲ್ಲವೂ ಹೊರಬಂತು. ಡಾಕ್ಟರು ತಂದ ಸಾಮಾನೆಲ್ಲ ಖರ್ಚಾಯಿತು.

"ನಿಮ್ದು?" ಎಂದರು ಡಾಕ್ಟರು ಟೇಪಣ್ಣನತ್ತ ತಿರುಗಿ.

"ನಂದು ಮೂವತ್ತಮೂರು ಸಾರ್, ನನ್ನ ಅಳತೆ ನಂಗೆ ಗೊತ್ತಿಲ್ವಾ?"

ಹೆಂಡತಿ ಟೇಪು ಸುತ್ತಿದಳು. "ಮೂವತ್ತೊಂಬತ್ತು. ನಿಮ್ಮ ಪ್ಯಾಂಟು ಕತ್ತರಿಸೋದೂ ನಾನೇ. ಎಷ್ಟು ವರ್ಷದಿಂದ ಕೇಳ್ದೇನೇ ಸೇರಿಸ್ತಾ ಬಂದಿದ್ದೀನಿ ಗೊತ್ತಾ?"

ಸಂಜೆ ಟೇಪಣ್ಣ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಬೈಗುಳ ಕೇಳಲು ಕಿವಿ ಸಿದ್ಧ ಮಾಡಿಕೊಂಡಿದ್ದ. ಅಧ್ಯಕ್ಷರೇ ಮುಂದಾಗಿ ಎಲ್ಲ ಗಿರಾಕಿಗಳೂ ಒಟ್ಟಿಗೆ ಬಂದರು.

"ತಪ್ಪಾಯ್ತು" ಎಂದು ಎದ್ದು ನಿಂತ.

"ಎಂಥ ತಪ್ಪಯ್ಯ?" ಎಂದರು ಅಧ್ಯಕ್ಷರು. "ಗೊತ್ತಿರಲಿಲ್ವಾ ನಮಗೆ? ನೀನು ಸುಳ್ಳು ಹೇಳಿದ್ರೆ ಮನೇಲಿರೋ ಬೆಲ್ಟು ಹೇಳುತ್ತಾ? ಹೆಂಡ್ತಿ ಹೇಳ್ತಾಳಾ? ದಿನವಿಡೀ ನಿಜ ಕೇಳಿ ಕೇಳಿ ಸಾಕಾಗಿ ನಿನ್ನ ಹತ್ರ ಬರ್ತಿದ್ವಿ. ಇವತ್ತು ನಿನ್ನ ಬಾಯಲ್ಲೂ ನಿಜ ಬಂತು. ಇನ್ನು ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ ಅಂತ ಬುದ್ಧಿ ಬಂತು. ಬದುಕಿಸ್ದೆ ಮಾರಾಯ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಲ್ಲಿಯವನು, ಇನ್ನು ಅಂಗಡಿಯ ನಲ್ಲಿಗೆ ಏನಾದರೂ ಆದರೆ ತನ್ನನ್ನೇ ಕರೆಯಬೇಕು ಎಂದ. ಬೇಕರಿಯವನು, ನಾಳೆಯಿಂದ ಎಲ್ಲರೂ ಬೆಳಿಗ್ಗೆ ನಡೆಯಲು ಹೋಗುವುದೆಂದೂ ಭಾವನೇ ಮುಂದೆ ನಡೆಯಬೇಕೆಂದೂ ಘೋಷಿಸಿದ. ಟೇಪಣ್ಣನ ಕಣ್ಣು ತುಂಬಿ ಬಂತು. ಇಂಥ ಗಿರಾಕಿಗಳನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡ.

"ಹಾಗಿದ್ರೆ," ಎಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು, "ನಮ್ಮ ಬಟ್ಟೆ ಕೊಟ್ಬಿಡು."

"ಯಾವ ಬಟ್ಟೆ?"

"ಹೊಲಿಯೋಕೆ ಕೊಟ್ಟಿದ್ವಲ್ಲ. ಈಗ ಹೊಲಿಸಿ ಏನು ಮಾಡೋದು? ಎಲ್ರೂ ಇಳೀಲೇಬೇಕು ಅಂದಿದ್ದಾರೆ ಡಾಕ್ಟ್ರು. ಇಳಿದ ಮೇಲೆ ಹೊಲಿಸ್ತೀವಿ. ನಿನ್ನ ಉಪಕಾರ ಮರೆಯಲ್ಲ."

ಒಬ್ಬೊಬ್ಬರಾಗಿ ಕೈಮುಗಿದರು, ಒಬ್ಬೊಬ್ಬರಾಗಿ ಬಟ್ಟೆ ಎತ್ತಿಕೊಂಡು ಹೋದರು. ಬೈದು ಹೋಗಿದ್ದರೆ ವಾಪಸು ಕರೆಯಬಹುದಿತ್ತು. ಹರಸಿ ಹೋದವರನ್ನು ಕರೆಯುವುದು ಹೇಗೆ? ಕಪಾಟು ಬರಿದಾಯಿತು.

"ಹೋಗ್ಲಿ ಬಿಡಿ" ಎಂದಳು ಹೆಂಡತಿ. "ನನ್ನ ತಮ್ಮ ಉಳಿದ. ನಂಗೆ ಅಷ್ಟೇ ಸಾಕು."

"ನಂಗೂ ಸಾಕು ಕಣೇ" ಎಂದ ಟೇಪಣ್ಣ. ಆ ಮಾತನ್ನು ಅವನು ಮನಸಾರೆ ಹೇಳಿದ.

ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು ಕಾಣಿಸಿಕೊಂಡರು. ಕಂಕುಳಲ್ಲಿ ಒಂದು ಬಿಳಿಯ ಬಟ್ಟೆಯ ಗಂಟಿತ್ತು.

"ನಿಮ್ಮಂಥ ಧೈರ್ಯವಂತರು ಅಪರೂಪ ರೀ" ಎಂದರು. "ಸಾಯಂಕಾಲದ ತನಕ ಅದೇ ಯೋಚನೆ ಮಾಡ್ತಿದ್ದೆ. ನಂಗೆ ಹೊಸ ಕೋಟು ಬೇಕು. ನಾಲ್ಕು ಹೊಲಿದುಬಿಡಿ. ಚೆನ್ನಾಗಿ ಬಂದ್ರೆ ಆಸ್ಪತ್ರೆಯವರದೆಲ್ಲ ನಿಮಗೇ ಕೊಡಿಸ್ತೀನಿ."

ಟೇಪಣ್ಣ ಹೆಂಡತಿಯ ಮುಖ ನೋಡಿದ. ಇಬ್ಬರ ಕಣ್ಣಲ್ಲೂ ಬೆಳಕು ಬಂತು. ಒಳ್ಳೆಯದು ಮಾಡಿದವನ ಕೈ ದೇವರು ಬಿಡುವುದಿಲ್ಲ ಎಂದುಕೊಂಡು ಅವನು ಟೇಪು ತೆಗೆದ. ಡಾಕ್ಟರು ಅಗಲವಾದ ಹಳೆಯ ಕೋಟನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು, ಉಸಿರು ಒಳಗೆಳೆದುಕೊಂಡು ನಿಂತರು. ಟೇಪಣ್ಣ ಟೇಪು ಸುತ್ತಿದ. ಹೆಬ್ಬೆರಳು ಎತ್ತಿದ. ಪರದೆಯತ್ತ ತಿರುಗದೆ, ಕೆಮ್ಮದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಎದುರಿಗೇ ಎದೆತುಂಬಿ ಕೂಗಿದ:

"ಸೊಂಟ ನಲವತ್ತು!"

ಡಾಕ್ಟರು ಬಿಗಿಹಿಡಿದ ಉಸಿರು ಬಿಟ್ಟರು. ಟೇಪು ಇನ್ನೂ ಒಂದಿಂಚು ಸರಿಯಿತು. ಆಮೇಲೆ ಅವರು ಕೋಟು ತೊಟ್ಟು, ಗುಂಡಿಯೆಲ್ಲ ಹಾಕಿಕೊಂಡು, ಬಟ್ಟೆಯ ಗಂಟನ್ನು ಮತ್ತೆ ಕಂಕುಳಿಗೆ ಸೇರಿಸಿದರು.

"ತುಂಬ ಉಪಕಾರವಾಯ್ತು" ಎಂದರು. "ಈ ಬೀದಿಯ ಆ ತುದೀಲಿ ಇನ್ನೊಬ್ಬ ಟೈಲರು ಇದ್ದಾರಂತಲ್ಲ, ಅವರಿಗೆ ಕೆಮ್ಮು ಏನಾದ್ರೂ ಇದೆಯಾ?"